ಮೋಷನ್ ಕ್ಯಾಪ್ಚರ್ ದತ್ತಾಂಶದ ವರ್ಗಾವಣೆ

ನಟರು, ನೃತ್ಯಗಾರರು, ಕ್ರೀಡಾಪಟುಗಳ ಮೈಚಲನೆಯನ್ನು ಉಪಕರಣಗಳ ನೆರವಿನಿಂದ ಅಂಕಿಗಳಾಗಿ ದಾಖಲಿಸುವ ವಿಧಾನಕ್ಕೆ ಮೋಷನ್ ಕ್ಯಾಪ್ಚರ್ ಎಂದು ಹೆಸರು. ಕಸುಬಿನವರ ಬಾಯಲ್ಲಿ ಅದು ಮೊಕ್ಯಾಪ್. ಹೀಗೆ ಸಿಕ್ಕ ಅಂಕಿಗಳನ್ನು ಒಂದು ಅನಿಮೇಶನ್ ತಂತ್ರಾಂಶದಿಂದ ಇನ್ನೊಂದಕ್ಕೆ ಒಯ್ದು, ಅಲ್ಲಿ ಕಟ್ಟಿಟ್ಟ ಪಾತ್ರದ ಮೈಗೆ ಕೂಡಿಸುವ ಕೆಲಸವೇ ಈ ಲೇಖನದ ವಿಷಯ. ಸೆರೆಹಿಡಿಯುವ ಸ್ಟುಡಿಯೊದಲ್ಲಿ ಒಂದು ತಂತ್ರಾಂಶ ಇರುತ್ತದೆ. ಅಂಕಿಗಳನ್ನು ತಿದ್ದುವಲ್ಲಿ ಮೋಷನ್‌ಬಿಲ್ಡರ್, ಪಾತ್ರವನ್ನು ಕಟ್ಟುವಲ್ಲಿ ಮಾಯಾ ಅಥವಾ ಬ್ಲೆಂಡರ್, ವಿಡಿಯೊ ಆಟವಾದರೆ ಕೊನೆಗೆ ಅನ್‌ರಿಯಲ್ ಇಲ್ಲವೆ ಯೂನಿಟಿ. ಒಂದೇ ಹೆಜ್ಜೆ ಇಷ್ಟೆಲ್ಲ ಹೊಸ್ತಿಲು ದಾಟಿ ತೆರೆಗೆ ಬರುತ್ತದೆ. ದಾಟುವಾಗ ಅಂಕಿಗಳು ಕಳೆದುಹೋಗುವುದು ಕಡಿಮೆ. ಅವನ್ನು ಹೇಗೆ ಓದಬೇಕೆಂಬ ಒಪ್ಪಂದ ಕಳೆದುಹೋಗುವುದೇ ಹೆಚ್ಚು. ಈ ಕ್ಷೇತ್ರದ ಬಹುಪಾಲು ತೊಂದರೆಗಳು ಹುಟ್ಟುವುದು ಅಲ್ಲಿಂದ.

ಉದಾಹರಣೆಗಳನ್ನು ಇಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದ ಸುತ್ತಲಿನ ಸೀಮೆಯಿಂದ ಆರಿಸಿಕೊಂಡಿದೆ. ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳ ಕೋಲಾಟ, ತಾಂಡಾಗಳ ಲಂಬಾಣಿ ಕುಣಿತ, ಕಲಬುರಗಿ ಭಾಗದ ದೊಡ್ಡಾಟ ಇವು ಮೊಕ್ಯಾಪ್ ತಂತ್ರದ ದುರ್ಬಲ ಜಾಗಗಳನ್ನೇ ಹುಡುಕಿ ಮುಟ್ಟುವಂಥ ಚಲನೆಗಳು. ಮಿಕ್ಸಾಮೊದಂಥ ಸಿದ್ಧ ಸಂಗ್ರಹಗಳಲ್ಲಿ ನಡಿಗೆ, ಓಟ, ಗುದ್ದಾಟ, ಹಿಪ್‌ಹಾಪ್, ಸಾಂಬಾ ಬೇಕಾದಷ್ಟು ಸಿಗುತ್ತವೆ. ನಮ್ಮ ಕಡೆಯ ಕುಣಿತ ಬೇಕೆಂದವರು ಕುಣಿಯುವವರ ಬಳಿಗೇ ಹೋಗಿ ಸೆರೆಹಿಡಿದು ತರಬೇಕು.

ಸೆರೆಹಿಡಿಯುವ ಬಗೆ

ಮನುಷ್ಯನ ನಿಜವಾದ ಚಲನೆಯನ್ನು ಚಿತ್ರಕ್ಕೆ ಇಳಿಸುವ ಯತ್ನ ಹಳೆಯದು. ಮ್ಯಾಕ್ಸ್ ಫ್ಲೀಷರ್ 1915ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿ 1917ರಲ್ಲಿ ಪಡೆದ ರೋಟೋಸ್ಕೋಪ್ ಯಂತ್ರದಲ್ಲಿ ಫಿಲ್ಮಿನ ಒಂದೊಂದೇ ಚೌಕಟ್ಟನ್ನು ಗಾಜಿನ ಮೇಲೆ ಮೂಡಿಸಿ ಕೈಯಿಂದ ಗೆರೆ ಎಳೆಯುತ್ತಿದ್ದರು. ಇಂದಿನ ವಿಧಾನಗಳು ಮುಖ್ಯವಾಗಿ ಮೂರು.

ಬೆಳಕಿನ ವಿಧಾನದಲ್ಲಿ ಮೈಗಂಟಿದ ಉಡುಪಿನ ಮೇಲೆ ಬೆಳಕನ್ನು ಹಿಂದಿರುಗಿಸುವ ಪುಟ್ಟ ಗುಂಡುಗಳನ್ನು ಅಂಟಿಸಿ, ಸುತ್ತ ನಿಲ್ಲಿಸಿದ ಇನ್‌ಫ್ರಾರೆಡ್ ಕ್ಯಾಮೆರಾಗಳಿಂದ ಅವುಗಳ ಜಾಗ ಗುರುತಿಸುತ್ತಾರೆ. ಒಂದು ಗುಂಡಿನ ಸ್ಥಾನ ಗೊತ್ತಾಗಬೇಕಾದರೆ ಕನಿಷ್ಠ ಎರಡು ಕ್ಯಾಮೆರಾಗಳಿಗೆ ಅದು ಕಾಣಲೇಬೇಕು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಹೆಸರಾಂತ ಸಾರ್ವಜನಿಕ ಸಂಗ್ರಹಕ್ಕೆ 12 ಕ್ಯಾಮೆರಾ, 41 ಗುಂಡು, ಸೆಕೆಂಡಿಗೆ 120 ಫ್ರೇಮ್‌ಗಳ ಲೆಕ್ಕದಲ್ಲಿ ಚಿತ್ರೀಕರಿಸಿದ್ದರು.

ಚಿಂಚೋಳಿ ಕಡೆಯ ತಾಂಡಾದ ಹೆಣ್ಣುಮಕ್ಕಳು ತಮ್ಮ ಉಡುಪಿನಲ್ಲೇ ಇಂಥ ಸ್ಟುಡಿಯೊಕ್ಕೆ ಬಂದರೆ ಮೊದಲ ಫ್ರೇಮಿನಲ್ಲೇ ಕೆಲಸ ಕೆಡುತ್ತದೆ. ಲಂಬಾಣಿ ಉಡುಪಿನ ಪ್ರತಿಯೊಂದು ಕನ್ನಡಿ ಬಿಲ್ಲೆಯೂ ಕ್ಯಾಮೆರಾಕ್ಕೆ ಒಂದು ಗುಂಡಿನಂತೆ ಹೊಳೆಯುತ್ತದೆ. ನಲವತ್ತು ಗುರುತುಗಳಿರಬೇಕಾದಲ್ಲಿ ನೂರಾರು ಸುಳ್ಳು ಗುರುತುಗಳು ಮಿಂಚಿ ಮಾಯವಾಗುತ್ತ, ತಂತ್ರಾಂಶಕ್ಕೆ ಮೊಣಕೈ ಯಾವುದು, ಕನ್ನಡಿ ಯಾವುದು ತಿಳಿಯದು. ಆದ್ದರಿಂದ ಉಡುಪು ಕಳಚಿಟ್ಟು ಕಪ್ಪು ಮೊಕ್ಯಾಪ್ ಸೂಟಿನಲ್ಲಿ ಕುಣಿಸಿ, ಲಂಗವನ್ನು ಬೇರೆಯಾಗಿ ಬಟ್ಟೆಯ ಸಿಮ್ಯುಲೇಶನ್‌ನಿಂದ ಸೇರಿಸುತ್ತಾರೆ. ಇದಕ್ಕೂ ಬೆಲೆ ತೆರಬೇಕಾಗುತ್ತದೆ. ಭಾರದ ಲಂಗ ಸುತ್ತಿಕೊಂಡಾಗ ಸೊಂಟ ತಿರುಗುವ ವೇಗವೇ ಬೇರೆ, ಅದಿಲ್ಲದಾಗಿನ ವೇಗವೇ ಬೇರೆ. ದೊಡ್ಡಾಟದ ಕಿರೀಟ, ಭುಜಕೀರ್ತಿಗಳ ವಿಷಯದಲ್ಲೂ ಇದೇ ಮಾತು: ತಲೆ, ಹೆಗಲಿನ ಮೇಲೆ ಭಾರವಿಲ್ಲದ ವೇಷಧಾರಿ ರಾಜನಂತೆ ತಿರುಗುವುದಿಲ್ಲ. ಸೂಟಿನ ಮೇಲೆ ಅಷ್ಟೇ ತೂಕದ, ಹೊಳೆಯದ ಪಟ್ಟಿ ಕಟ್ಟಿ ಕುಣಿಸುವುದು ಒಳ್ಳೆಯ ಉಪಾಯ.

ಎರಡನೆಯದು ಸೆನ್ಸರ್ ಸೂಟು. ಎಕ್ಸ್‌ಸೆನ್ಸ್, ರೊಕೊಕೊ ಮೊದಲಾದ ಕಂಪನಿಗಳ ಸೂಟುಗಳಲ್ಲಿ ವೇಗೋತ್ಕರ್ಷ ಅಳೆಯುವ, ತಿರುಗು ಅಳೆಯುವ, ಭೂಮಿಯ ಕಾಂತಕ್ಷೇತ್ರ ಅಳೆಯುವ ಚಿಕ್ಕ ಸಾಧನಗಳನ್ನು ಕೈಕಾಲುಗಳ ಮೇಲೆ ಕೂರಿಸಿರುತ್ತಾರೆ. ಕ್ಯಾಮೆರಾ ಬೇಡ, ಬಯಲಲ್ಲೂ ಆಗುತ್ತದೆ, ಕನ್ನಡಿಯ ಕಾಟವೂ ಇಲ್ಲ. ಆದರೆ ಕಬ್ಬಿಣವಿದ್ದಲ್ಲಿ ಕಾಂತಸೂಚಿ ದಾರಿ ತಪ್ಪುತ್ತದೆ. ಸರಳು ಹಾಕಿದ ಕಾಂಕ್ರೀಟ್ ನೆಲದ ಮೇಲೆ ಪಾದದ ಸೆನ್ಸರುಗಳು ಅಡ್ಡದಿಡ್ಡಿ ತಿರುಗುವುದುಂಟು. ಈ ಸೀಮೆಯ ಹಳೆ ಮನೆ, ಗುಡಿ, ಮಠಗಳ ಅಂಗಳಗಳಲ್ಲಿ ಮಣ್ಣಿನ ಮೇಲೆ ನೇರವಾಗಿ ಹಾಸಿದ ಶಹಾಬಾದ್ ಕಲ್ಲು ಸುಣ್ಣದ ಕಲ್ಲಾದ್ದರಿಂದ ಅದರಲ್ಲಿ ಈ ತೊಡಕಿಲ್ಲ. ಸೆನ್ಸರ್ ಸೂಟಿನ ದಾಖಲೆಗೆ ಅಂಥ ಅಂಗಳ ಎಷ್ಟೋ ಸ್ಟುಡಿಯೊ ನೆಲಗಳಿಗಿಂತ ಮೇಲು.

ಮೂರನೆಯದು ಬರೀ ವಿಡಿಯೊದಿಂದ ಮೈಯ ಕೀಲುಗಳನ್ನು ಊಹಿಸುವ ವಿಧಾನ. ಖರ್ಚು ಕಡಿಮೆ, ಆದರೆ ಗುಂಪಾಗಿ ಕುಣಿಯುವಾಗ ಒಬ್ಬರು ಇನ್ನೊಬ್ಬರನ್ನು ಮರೆಮಾಡಿದರೆ ಕಾಣದ ಕಾಲನ್ನು ತಂತ್ರಾಂಶ ಊಹೆಯಿಂದಲೇ ತುಂಬುತ್ತದೆ.

ಕಡತಗಳು

ಬೆಳಕಿನ ವಿಧಾನದಿಂದ ಮೊದಲು ಸಿಗುವುದು ಬಯಲಲ್ಲಿ ತೇಲುವ ಚುಕ್ಕೆಗಳು ಮಾತ್ರ. ಇವನ್ನು ಇಡುವ ಸಿ3ಡಿ ಕಡತವನ್ನು 1987ರಲ್ಲಿ ಆಂಡ್ರ್ಯೂ ಡೈನಿಸ್ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ನಡಿಗೆಯ ಅಧ್ಯಯನಕ್ಕಾಗಿ ರೂಪಿಸಿದರು. ವೈದ್ಯಕೀಯ ಪ್ರಯೋಗಾಲಯಗಳಲ್ಲಿ ಇಂದಿಗೂ ಅದೇ ರೂಢಿ. ಚುಕ್ಕೆಗಳನ್ನು ಮೂಳೆಗಳ ಜೋಡಣೆಯಾಗಿ ಬದಲಿಸುವುದು ಮುಂದಿನ ಹಂತ. ಅನಿಮೇಶನ್ ತಂತ್ರಾಂಶಗಳ ನಡುವೆ ಓಡಾಡುವುದು ಹೆಚ್ಚಾಗಿ ಈ ಮೂಳೆಗಳ ದಾಖಲೆ.

ಅದರಲ್ಲಿ ಅತ್ಯಂತ ಸರಳವಾದುದು ಬಿವಿಎಚ್. ಬಯೋವಿಷನ್ ಎಂಬ ಕಂಪನಿ ತನ್ನ ಗಿರಾಕಿಗಳಿಗೆ ಚಲನೆ ಕೊಡಲು ಮಾಡಿಕೊಂಡ ಈ ನಮೂನೆ ಬರೀ ಅಕ್ಷರಗಳಲ್ಲಿದೆ. ಮಾಮೂಲಿ ನೋಟ್‌ಪ್ಯಾಡಿನಲ್ಲೂ ತೆರೆದು ಓದಬಹುದು. ಮೇಲರ್ಧ 'ಹೈರಾರ್ಕಿ' ಎಂಬ ಪದದಿಂದ ಶುರು. ಮೂಲ ಕೀಲು ಸೊಂಟ; ಅದಕ್ಕೆ ಆರು ಚಾನೆಲ್: ಎಲ್ಲಿದೆ ಎಂಬುದಕ್ಕೆ ಮೂರು, ಎಷ್ಟು ತಿರುಗಿದೆ ಎಂಬುದಕ್ಕೆ ಮೂರು. ಸೊಂಟದಿಂದ ಬೆನ್ನು, ಬೆನ್ನಿನಿಂದ ಕುತ್ತಿಗೆ, ಹೆಗಲಿಂದ ಮೊಣಕೈ ಹೀಗೆ ಕೀಲಿನಿಂದ ಕೀಲಿಗೆ ಇರುವ ದೂರವನ್ನು 'ಆಫ್‌ಸೆಟ್' ಎಂದು ಬರೆದು, ಒಂದೊಂದಕ್ಕೂ ಮೂರು ತಿರುಗು ಚಾನೆಲ್ ಕೊಡುತ್ತದೆ. ಕೆಳಗಿನರ್ಧ 'ಮೋಷನ್'. ಅಲ್ಲಿ ಒಟ್ಟು ಫ್ರೇಮ್ ಎಷ್ಟು, ಒಂದು ಫ್ರೇಮಿಗೆ ಎಷ್ಟು ಸೆಕೆಂಡು ಎಂಬ ಎರಡು ಸಾಲು, ಆಮೇಲೆ ಫ್ರೇಮಿಗೊಂದು ಸಾಲಿನಂತೆ ಅಂಕಿಗಳು. ಇಪ್ಪತ್ತು ಕೀಲುಗಳ ಮೈಗೆ ಒಂದು ಸಾಲಿನಲ್ಲಿ 63 ಅಂಕಿ. ಹತ್ತು ಸೆಕೆಂಡಿನ ಕುಣಿತಕ್ಕೆ 120ರ ವೇಗದಲ್ಲಿ 1200 ಸಾಲು, 75,600 ಅಂಕಿ. ಇಷ್ಟೆಲ್ಲ ಹೇಳುವ ಕಡತ ಆ ಅಳತೆ ಇಂಚೊ ಸೆಂಟಿಮೀಟರೊ ಎಂದು ಎಲ್ಲಿಯೂ ಹೇಳುವುದಿಲ್ಲ. ಮೇಲಿನ ದಿಕ್ಕು ಯಾವ ಅಕ್ಷ ಎಂಬುದೂ ಅದರಲ್ಲಿಲ್ಲ.

ಅಕ್ಲೇಮ್ ಎಂಬ ವಿಡಿಯೊ ಆಟಗಳ ಕಂಪನಿ ಮೂಳೆಗಳಿಗೊಂದು, ಚಲನೆಗೊಂದು ಎಂದು ಎರಡು ಕಡತಗಳ ಪದ್ಧತಿ ತಂದಿತು: ಎಎಸ್‌ಎಫ್ ಮತ್ತು ಎಎಂಸಿ. ಕಾರ್ನೆಗಿ ಮೆಲನ್ ಸಂಗ್ರಹ ಬಳಸಿದ್ದು ಇದನ್ನೇ. ಮುಂದೆ ಅದನ್ನು ಬಿವಿಎಚ್‌ಗೆ ಪರಿವರ್ತಿಸಿ ಹಂಚಿದ ಮೇಲೆಯೇ ಅದು ವಿದ್ಯಾರ್ಥಿಗಳ ಕೈಗೆ ಸಲೀಸಾಗಿ ಸಿಕ್ಕಿತು.

ಉದ್ಯಮ ನಡೆಯುವುದು ಎಫ್‌ಬಿಎಕ್ಸ್ ಮೇಲೆ. ಮಾಂಟ್ರಿಯಲ್‌ನ ಕೈಡಾರಾ ಕಂಪನಿ 1996ರಲ್ಲಿ ತಂದ ಫಿಲ್ಮ್‌ಬಾಕ್ಸ್ ತಂತ್ರಾಂಶದ ಸ್ವಂತ ಕಡತ ಇದು. ಆ ತಂತ್ರಾಂಶವೇ ಮುಂದೆ ಮೋಷನ್‌ಬಿಲ್ಡರ್ ಆಯಿತು. 2004ರಲ್ಲಿ ಕೈಡಾರಾವನ್ನು ಅಲಿಯಾಸ್ ಕೊಂಡಿತು, 2006ರಲ್ಲಿ ಅಲಿಯಾಸನ್ನು ಆಟೊಡೆಸ್ಕ್ ಕೊಂಡಿತು. ಮೂಳೆ, ಚರ್ಮ, ಬಣ್ಣ, ಕ್ಯಾಮೆರಾ, ಚಲನೆ ಎಲ್ಲವನ್ನೂ ಒಂದೇ ಕಡತದಲ್ಲಿ ಹೊರುತ್ತದೆ. ಅಕ್ಷ, ಅಳತೆಮಾನ, ಫ್ರೇಮ್ ವೇಗವನ್ನೂ ಬರೆದಿಟ್ಟುಕೊಳ್ಳುತ್ತದೆ. ಆದರೆ ಇದರ ಒಳರಚನೆಯ ಅಧಿಕೃತ ವಿವರಣೆಯನ್ನು ಆಟೊಡೆಸ್ಕ್ ಸಾರ್ವಜನಿಕವಾಗಿ ಕೊಟ್ಟಿಲ್ಲ. ಬ್ಲೆಂಡರ್ ಕಟ್ಟಿದವರು ಕಡತಗಳನ್ನು ಬಿಚ್ಚಿ ನೋಡಿ ತಾವೇ ಓದುವ ದಾರಿ ಕಂಡುಕೊಳ್ಳಬೇಕಾಯಿತು. ಮಾಯಾದಿಂದ ಬಂದ ಎಫ್‌ಬಿಎಕ್ಸ್ ಕೆಲವೊಮ್ಮೆ ಬ್ಲೆಂಡರಿನಲ್ಲಿ ಬೇರೆಯಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಮುಕ್ತ ನಮೂನೆಗಳಲ್ಲಿ ಜಿಎಲ್‌ಟಿಎಫ್ 2.0 ಬಂದುದು 2017ರಲ್ಲಿ. 2022ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಪಿಕ್ಸಾರ್ 2016ರಲ್ಲಿ ಮುಕ್ತವಾಗಿ ಬಿಟ್ಟುಕೊಟ್ಟ ಯುಎಸ್‌ಡಿಯಲ್ಲಿಯೂ ಮೂಳೆಗಳಿಗೆ ಪ್ರತ್ಯೇಕ ವಿಭಾಗವಿದೆ. ಅಲೆಂಬಿಕ್ ಕಡತದಲ್ಲಿ ಮೂಳೆಯೇ ಇಲ್ಲ, ಮೈಯ ಮೇಲ್ಮೈಯ ಬಿಂದುಗಳು ಫ್ರೇಮಿಂದ ಫ್ರೇಮಿಗೆ ಎಲ್ಲಿಗೆ ಸರಿದವು ಎಂಬುದಷ್ಟೇ. ಹಾಗಾಗಿ ಮುಗಿದ ದೃಶ್ಯ ದಾಟಿಸಲು ಚೆನ್ನ, ಇನ್ನೊಂದು ಪಾತ್ರಕ್ಕೆ ಹೊಂದಿಸಲು ಬಾರದು.

ದಾಟುವಾಗ ಕೆಡುವುದು

ಹೊಸಬರು ಮೊದಲು ಕಾಣುವ ಕೆಡುಕು, ಪಾತ್ರ ಅಂಗಾತ ಮಲಗಿ ಕುಣಿಯುವುದು. ಮಾಯಾ, ಮೋಷನ್‌ಬಿಲ್ಡರ್, ಯೂನಿಟಿಗಳಲ್ಲಿ ವೈ ಅಕ್ಷ ಮೇಲ್ಮುಖ. ಬ್ಲೆಂಡರ್, 3ಡಿಎಸ್ ಮ್ಯಾಕ್ಸ್, ಅನ್‌ರಿಯಲ್‌ಗಳಲ್ಲಿ ಝಡ್. ಒಂದರ ಅಂಕಿಗಳನ್ನು ಇನ್ನೊಂದು ಹಾಗೆಯೇ ಓದಿದರೆ ಆಕಾಶ ಗೋಡೆಯಾಗುತ್ತದೆ. 90 ಡಿಗ್ರಿ ತಿರುಗಿಸಿದರೆ ಇದು ಸರಿಹೋಗುತ್ತದೆ. ಎಡಗೈ-ಬಲಗೈ ಪದ್ಧತಿಯ ವ್ಯತ್ಯಾಸ ಅಷ್ಟು ಸುಲಭದ್ದಲ್ಲ: ಯೂನಿಟಿ, ಅನ್‌ರಿಯಲ್ ಎಡಗೈ ನಿಯಮದವು, ಉಳಿದವು ಬಲಗೈಯವು. ಪರಿವರ್ತನೆ ತಪ್ಪಿದರೆ ಬಲಗೈ ಎತ್ತಿದವರು ಎಡಗೈ ಎತ್ತುತ್ತಾರೆ. ಕನ್ನಡಿಯಲ್ಲಿ ಕಂಡಂಥ ಈ ತಪ್ಪು ಕುಣಿತ ಬಲ್ಲವರಿಗೆ ಮಾತ್ರ ಹೊಳೆಯುತ್ತದೆ. ಬಲಕ್ಕೆ ಸುತ್ತಬೇಕಾದ ಸಾಲು ಎಡಕ್ಕೆ ಸುತ್ತಿದರೆ ಕಂಪ್ಯೂಟರಿಗೆ ಏನೂ ಅನ್ನಿಸದು.

ಅಳತೆಮಾನದ ತಪ್ಪು ಕಣ್ಣಿಗೆ ರಾಚುತ್ತದೆ. ನೆಲದಿಂದ ಸೊಂಟ 92 ಸೆಂಟಿಮೀಟರ್ ಇದ್ದವರನ್ನು ಮೀಟರ್ ಲೆಕ್ಕದ ಬ್ಲೆಂಡರ್ ಹಾಗೆಯೇ ಓದಿದರೆ ಸೊಂಟ 92 ಮೀಟರ್ ಎತ್ತರದಲ್ಲಿರುತ್ತದೆ. ಫ್ರೇಮ್ ವೇಗದ ತಪ್ಪು ಇನ್ನೊಂದು ಬಗೆಯದು: 120ರ ವೇಗದಲ್ಲಿ ಹಿಡಿದ ಹತ್ತು ಸೆಕೆಂಡನ್ನು 24ರ ಲೆಕ್ಕದಲ್ಲಿ ಓಡಿಸಿದರೆ 50 ಸೆಕೆಂಡಿನ ನಿಧಾನ ಚಲನೆ. ಸರಿಯಾಗಿ ಇಳಿಸಬೇಕಾದರೆ 24ಕ್ಕೆ ಐದು ಫ್ರೇಮಿಗೊಂದು, 30ಕ್ಕೆ ನಾಲ್ಕಕ್ಕೊಂದು ಆರಿಸಿದರೆ ಸಾಕು. ನಮ್ಮ ದೂರದರ್ಶನದ 25ಕ್ಕೆ ಮಾತ್ರ ಭಾಗಲಬ್ಧ 4.8, ಎರಡು ಫ್ರೇಮುಗಳ ನಡುವಿನ ಭಂಗಿಯನ್ನು ಲೆಕ್ಕ ಹಾಕಿಯೇ ಹುಟ್ಟಿಸಬೇಕು.

ಹಾಗೆ ಹುಟ್ಟಿಸುವಾಗಲೇ ವೃತ್ತದ ಕುಣಿತ ತೊಂದರೆಗೆ ಸಿಕ್ಕುತ್ತದೆ. ಲಂಬಾಣಿ ಮಹಿಳೆಯರು ಸುತ್ತುಗಟ್ಟಿ ತಿರುಗುವಾಗ ಸೊಂಟದ ಕೋನ ಏರುತ್ತ ಏರುತ್ತ 179 ಡಿಗ್ರಿಗೆ ಬಂದು, ಮುಂದಿನ ಫ್ರೇಮಿನಲ್ಲಿ ಋಣ 179 ಎಂದು ದಾಖಲಾಗುತ್ತದೆ. ನಿಜದಲ್ಲಿ ತಿರುಗಿದ್ದು ಎರಡೇ ಡಿಗ್ರಿ. ಆದರೆ ಈ ಎರಡು ಅಂಕಿಗಳ ನಡುವಿನ ಸರಾಸರಿ ಸೊನ್ನೆ. ಅಂದರೆ ಆ ಒಂದು ಫ್ರೇಮಿನಲ್ಲಿ ಕುಣಿಯುವವಳು ಥಟ್ಟನೆ ಬೆನ್ನು ತಿರುಗಿಸಿ ಮರುಕ್ಷಣ ಮೊದಲಿನಂತಾಗುತ್ತಾಳೆ. ನೇರ ನಡಿಗೆಯಲ್ಲಿ ಎಂದೂ ಕಾಣದ ಈ ದೋಷ ವೃತ್ತ ಕುಣಿತದಲ್ಲಿ ಸುತ್ತಿಗೊಮ್ಮೆ ಬರುತ್ತದೆ. ಮಾಯಾ, ಮೋಷನ್‌ಬಿಲ್ಡರ್‌ಗಳಲ್ಲಿ ಇದನ್ನು ನೇರಗೊಳಿಸುವ ಫಿಲ್ಟರುಗಳಿವೆ. ಫ್ರೇಮ್ ವೇಗ ಬದಲಿಸುವ ಮೊದಲೇ ಅವನ್ನು ಹಾಕಬೇಕು, ಆಮೇಲೆ ಹಾಕಿದರೆ ಕೆಟ್ಟ ಫ್ರೇಮ್ ಒಳಗೇ ಉಳಿಯುತ್ತದೆ. ತಿರುಗನ್ನು ಮೂರು ಕೋನಗಳ ಬದಲು ಕ್ವಾಟರ್ನಿಯನ್ ಎಂಬ ನಾಲ್ಕು ಅಂಕಿಗಳ ರೂಪದಲ್ಲಿ ಇಡುವ ಜಿಎಲ್‌ಟಿಎಫ್‌ನಲ್ಲಿ ಈ ಕಾಟ ಬಹುಮಟ್ಟಿಗೆ ಇಲ್ಲ.

ಮೂರು ಕೋನಗಳನ್ನು ಯಾವ ಕ್ರಮದಲ್ಲಿ ಅನ್ವಯಿಸಬೇಕೆಂಬುದೂ ಮುಖ್ಯ. ಝಡ್-ಎಕ್ಸ್-ವೈ ಕ್ರಮದ ಅಂಕಿಗಳನ್ನು ಎಕ್ಸ್-ವೈ-ಝಡ್ ಎಂದು ಓದಿದರೆ ನಿಂತ ಭಂಗಿ ಸರಿಯಾಗಿಯೇ ಕಂಡು, ಕೈ ಮೇಲೆತ್ತಿದ ಕೂಡಲೇ ಭುಜ ತಿರುಚಿಕೊಳ್ಳುತ್ತದೆ. ಬ್ಲೆಂಡರಿನಲ್ಲಿ ಪ್ರತಿ ಮೂಳೆಯ ಉದ್ದ ಅದರ ಸ್ವಂತ ವೈ ಅಕ್ಷದಲ್ಲೇ ಇರಬೇಕೆಂಬ ಕಟ್ಟುಪಾಡು ಬೇರೆ ಇದೆ; ಮಾಯಾದ ಪಾತ್ರಗಳಲ್ಲಿ ಅದು ಸಾಮಾನ್ಯವಾಗಿ ಎಕ್ಸ್. ಆಮದು ಮಾಡುವಾಗ ಮೂಳೆಗಳು ಮೈಯಿಂದ ಹೊರಕ್ಕೆ ಮುಳ್ಳಿನಂತೆ ಚಾಚಿಕೊಂಡು ಕಾಣುವುದು ಇದರಿಂದ.

ಬೇರೆ ಮೈಗೆ ಹೊಂದಿಸುವುದು

ಕಡತ ಸರಿಯಾಗಿ ದಾಟಿದರೂ ಕೆಲಸ ಅರ್ಧವೇ. ಒಬ್ಬರ ಅಳತೆಗೆ ಹೊಲಿದ ಅಂಗಿಯನ್ನು ಇನ್ನೊಬ್ಬರಿಗೆ ತೊಡಿಸಿದಂತೆ, ಒಂದು ಮೈಯ ಚಲನೆ ಇನ್ನೊಂದರ ಮೇಲೆ ಎಲ್ಲೋ ಬಿಗಿ, ಎಲ್ಲೋ ಸಡಿಲ. ಇದನ್ನು ಸರಿಪಡಿಸುವ ಕ್ರಿಯೆಗೆ ರಿಟಾರ್ಗೆಟಿಂಗ್ ಎನ್ನುತ್ತಾರೆ. ಮೈಕೇಲ್ ಗ್ಲೈಕರ್ 1998ರಲ್ಲಿ ಮಂಡಿಸಿದ ಪ್ರಬಂಧ ಈ ವಿಷಯದ ಆಧಾರಗ್ರಂಥದಂತಿದೆ: ಚಲನೆಯಲ್ಲಿ ಉಳಿಯಲೇಬೇಕಾದ ಸಂಗತಿಗಳನ್ನು, ಉದಾಹರಣೆಗೆ ಪಾದ ನೆಲ ಮುಟ್ಟುವುದನ್ನು, ನಿಬಂಧನೆಗಳಾಗಿ ಬರೆದು, ಅವನ್ನು ಮುರಿಯದ ಹೊಸ ಚಲನೆಯನ್ನು ಲೆಕ್ಕದಿಂದ ಪಡೆಯಬಹುದೆಂದು ಅವರು ತೋರಿಸಿದರು.

ಮೊದಲ ಹೆಜ್ಜೆ ಹೆಸರುಗಳ ಜೋಡಣೆ. ಒಂದು ತಂತ್ರಾಂಶ 'ಲೆಫ್ಟ್‌ಆರ್ಮ್' ಎಂದರೆ ಇನ್ನೊಂದು 'ಅಪ್ಪರ್‌ಆರ್ಮ್ ಎಲ್' ಎನ್ನುತ್ತದೆ. ಮಿಕ್ಸಾಮೊ ಪ್ರತಿ ಮೂಳೆಗೂ 'ಮಿಕ್ಸಾಮೊರಿಗ್' ಎಂದು ಮುಂದೆ ಅಂಟಿಸುತ್ತದೆ. ಮೋಷನ್‌ಬಿಲ್ಡರ್ ಮತ್ತು ಮಾಯಾದ ಹ್ಯೂಮನ್‌ಐಕೆ, ಯೂನಿಟಿಯ ಹ್ಯೂಮನಾಯ್ಡ್, 2022ರಲ್ಲಿ ಬಂದ ಅನ್‌ರಿಯಲ್ 5ರ ಐಕೆ ರಿಟಾರ್ಗೆಟರ್ ಇವೆಲ್ಲ ಒಂದು ಮೈಯ ಯಾವ ಭಾಗ ಇನ್ನೊಂದರ ಯಾವ ಭಾಗಕ್ಕೆ ಸಮ ಎಂದು ಎರಡೂ ಕಡೆಯ ಮೂಳೆಗಳನ್ನು ಜೋಡಿಸುತ್ತವೆ. ಎರಡೂ ಪಾತ್ರಗಳು ಒಂದೇ ಆರಂಭ ಭಂಗಿಯಲ್ಲಿ ನಿಂತಿರಬೇಕೆಂಬುದು ಇಲ್ಲಿನ ಕಡ್ಡಾಯ ನಿಯಮ. ಒಂದು ಕೈ ಅಗಲಿಸಿ ಟಿ ಆಕಾರದಲ್ಲೂ, ಇನ್ನೊಂದು ಕೈ ಇಳಿಬಿಟ್ಟು ಎ ಆಕಾರದಲ್ಲೂ ಇದ್ದರೆ ಆ ನಡುವಿನ ಕೋನ ಇಡೀ ಕುಣಿತದುದ್ದಕ್ಕೂ ತೋಳಿಗೆ ಅಂಟಿಕೊಂಡಿರುತ್ತದೆ.

ಸಾಮಾನ್ಯ ವಿಧಾನದಲ್ಲಿ ಕೀಲುಗಳ ತಿರುಗನ್ನು ಹಾಗೆಯೇ ನಕಲು ಮಾಡಿ, ಸೊಂಟದ ಓಡಾಟವನ್ನು ಎತ್ತರದ ಪ್ರಮಾಣಕ್ಕೆ ತಕ್ಕಂತೆ ಹಿಗ್ಗಿಸುತ್ತಾರೆ ಅಥವಾ ಕುಗ್ಗಿಸುತ್ತಾರೆ. ನಡಿಗೆಗೆ ಇಷ್ಟು ಸಾಕು. ಕೋಲಾಟಕ್ಕೆ ಸಾಲದು. ಕೋಲಾಟದ ಜೀವವಿರುವುದು ಎರಡು ಕೋಲು ಗಾಳಿಯಲ್ಲಿ ಒಂದೇ ಬಿಂದುವಿನಲ್ಲಿ, ತಾಳದ ಮೇಲೆ ಸೇರುವುದರಲ್ಲಿ. ಸೇಡಂನ ಯುವಕನ ತೋಳಿನ ತಿರುಗನ್ನು ಉದ್ದ ತೋಳಿನ ಕಾರ್ಟೂನ್ ಪಾತ್ರಕ್ಕೆ ಕೊಟ್ಟರೆ ಕೋಲುಗಳು ಒಂದನ್ನೊಂದು ದಾಟಿ ಹೋಗುತ್ತವೆ. ಗಿಡ್ಡ ತೋಳಿಗೆ ಕೊಟ್ಟರೆ ನಡುವೆ ಗೇಣು ಅಂತರ ಉಳಿಯುತ್ತದೆ. ಇಲ್ಲಿ ತಿರುಗಿಗಿಂತ ತುದಿಯ ಜಾಗವೇ ಮುಖ್ಯ. ಆದ್ದರಿಂದ ಕೋಲನ್ನೂ ಒಂದು ಮೂಳೆಯಾಗಿ ದಾಖಲಿಸಿ, ಪೆಟ್ಟು ಬೀಳುವ ಫ್ರೇಮುಗಳನ್ನು ಗುರುತಿಸಿ, ಆ ಕ್ಷಣಗಳಲ್ಲಿ ತುದಿಯನ್ನು ಬಿಂದುವಿಗೆ ಬಿಗಿದು, ಮೊಣಕೈ ಎಲ್ಲಿರಬೇಕೆಂಬುದನ್ನು ಇನ್ವರ್ಸ್ ಕೈನಮ್ಯಾಟಿಕ್ಸ್ ಲೆಕ್ಕದಿಂದ ಹಿಮ್ಮುಖವಾಗಿ ಪಡೆಯಬೇಕು. ಕುಣಿಯುವವರನ್ನು ಒಬ್ಬೊಬ್ಬರನ್ನಾಗಿ ಸೆರೆಹಿಡಿದು ಆಮೇಲೆ ಜೋಡಿಸುವ ಪದ್ಧತಿ ಕೋಲಾಟಕ್ಕೆ ಒಗ್ಗುವುದಿಲ್ಲ. ಎದುರಿನ ಕೋಲಿಲ್ಲದೆ ಕೈ ನಿಜವಾಗಿ ಬೀಸುವುದಿಲ್ಲ.

ದೊಡ್ಡಾಟದ ನೆಲ ಗುದ್ದುವ ಹೆಜ್ಜೆಗೆ ಇನ್ನೊಂದು ಅಪಾಯ. ದಾಖಲೆಯ ನಡುಕ ತೆಗೆಯಲು ಎಲ್ಲರೂ ನಯಗೊಳಿಸುವ ಫಿಲ್ಟರ್ ಹಾಕುತ್ತಾರೆ. ಆ ಫಿಲ್ಟರಿಗೆ ಸೆನ್ಸರಿನ ನಡುಕವೂ ಪಾದ ನೆಲಕ್ಕಪ್ಪಳಿಸಿದ ಪೆಟ್ಟೂ ಒಂದೇ. ಎರಡೂ ಕ್ಷಣಮಾತ್ರದ ಏರಿಳಿತ. ಫಿಲ್ಟರ್ ಮುಗಿದ ಮೇಲೆ ರಾಜವೇಷದವನು ಹತ್ತಿಯ ಮೇಲೆ ನಡೆದ ಹಾಗೆ ಕಾಣುತ್ತಾನೆ. ಪಾದಗಳಿಗೆ ಬೇರೆ, ಬೆನ್ನಿಗೆ ಬೇರೆ ಪ್ರಮಾಣ ಹಾಕುವ ತಾಳ್ಮೆ ಇಲ್ಲದವರು ಈ ಆಟವನ್ನು ಮುಟ್ಟದಿರುವುದು ಲೇಸು.

ಕರ್ನಾಟಕದಲ್ಲಿ

ಬೆಂಗಳೂರಿನಲ್ಲಿ 1997ರಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ದೇಶದ ಮೊದಮೊದಲ ವಿಡಿಯೊ ಆಟದ ಕಂಪನಿಗಳಲ್ಲೊಂದು. ವಿದೇಶಿ ಕಂಪನಿಗಳ ಪಾತ್ರ, ದೃಶ್ಯಗಳ ಕೆಲಸ ಇಲ್ಲಿ ನಡೆಯುತ್ತಿದ್ದುದರಿಂದ ಕಡತ ದಾಟಿಸುವುದು ಇಲ್ಲಿನವರಿಗೆ ದಿನದ ಕೆಲಸವಾಯಿತು. ಅನಿಮೇಶನ್, ಗ್ರಾಫಿಕ್ಸ್, ಆಟ, ಕಾಮಿಕ್ಸ್ ಉದ್ಯಮಕ್ಕೆ ದೇಶದಲ್ಲೇ ಮೊದಲು ಪ್ರತ್ಯೇಕ ನೀತಿ ತಂದದ್ದು ಕರ್ನಾಟಕ, 2012ರಲ್ಲಿ. ಈಗ ಜಾರಿಯಲ್ಲಿರುವುದು 2024–29ರ ನೀತಿ. ಆದರೆ 2025ರ ಫೆಬ್ರವರಿಯಲ್ಲಿ ಅನಿಮೇಶನ್, ಗ್ರಾಫಿಕ್ಸ್ ಕೆಲಸದ ಟೆಕ್ನಿಕಲರ್ ಸಮೂಹ ಕುಸಿದಾಗ ಅದರ ಬೆಂಗಳೂರಿನ ಘಟಕವೂ ಮುಚ್ಚಿತು.

ದಕ್ಷಿಣ ಭಾರತದ ಚಿತ್ರಗಳಲ್ಲಿ ಈ ವರ್ಗಾವಣೆಯ ದೊಡ್ಡ ಉದಾಹರಣೆ 2014ರ ಮೇ 23ರಂದು ತೆರೆಕಂಡ ತಮಿಳಿನ 'ಕೋಚಡೈಯಾನ್'. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ರಜನಿಕಾಂತ್ ಅವರ ಅಭಿನಯವನ್ನು ಲಂಡನ್ನಿನ ಸ್ಟುಡಿಯೊದಲ್ಲಿ ಸೆರೆಹಿಡಿದು, ಪಾತ್ರದ ಕೆಲಸವನ್ನು ಬೇರೆಡೆ ನಡೆಸಲಾಯಿತು. ತೆರೆಯ ಮೇಲಿನ ಮೈ ಮತ್ತು ಮುಖದ ಚಲನೆಯ ಬಗ್ಗೆ ಅಂದು ಕೇಳಿಬಂದ ಅಸಮಾಧಾನ, ಸೆರೆಹಿಡಿಯುವುದಕ್ಕಿಂತ ಆಮೇಲಿನ ಹೊಂದಾಣಿಕೆಗೇ ಹೆಚ್ಚು ಸಮಯ ಬೇಕೆಂಬುದನ್ನು ಉದ್ಯಮಕ್ಕೆ ಮನಗಾಣಿಸಿತು.

ಮಳಖೇಡದ ಸೀಮೆಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ವಾಡಿಯಿಂದ ಕವಲೊಡೆಯುವ ಸಿಕಂದರಾಬಾದ್ ರೈಲುಮಾರ್ಗ ಚಿತ್ತಾಪುರ, ಮಳಖೇಡ ರೋಡ್, ಸೇಡಂ ಮೇಲೆಯೇ ಹೋಗುತ್ತದೆ. ಅತ್ತ ಹೈದರಾಬಾದಿನ ಅನ್ನಪೂರ್ಣ ಸ್ಟುಡಿಯೊದಲ್ಲಿ ಈಚಿನ ವರ್ಷಗಳಲ್ಲಿ ಮೊಕ್ಯಾಪ್ ಲ್ಯಾಬ್ ತೆರೆದಿದೆ. ತಾಂಡಾದ ತಂಡವೊಂದು ಬೆಳಿಗ್ಗೆ ರೈಲು ಹತ್ತಿದರೆ ಅದೇ ದಿನ ಸೂಟು ತೊಡಬಹುದಾದಷ್ಟು ಹತ್ತಿರ ಇದು.

ಕಾಪಿಡುವುದು

ತಂತ್ರಾಂಶಗಳ ಆಯಸ್ಸು ಕುಣಿತಗಳ ಆಯಸ್ಸಿಗಿಂತ ಬಹಳ ಕಡಿಮೆ. ಒಂದು ಕಾಲಕ್ಕೆ ಸಿನಿಮಾ ಅನಿಮೇಶನ್ನಿನ ದೊಡ್ಡ ಹೆಸರಾಗಿದ್ದ ಸಾಫ್ಟಿಮೇಜನ್ನು ನಿಲ್ಲಿಸುವುದಾಗಿ ಆಟೊಡೆಸ್ಕ್ 2014ರಲ್ಲಿ ಸಾರಿತು. ಅದರ ಸ್ವಂತ ಕಡತಗಳಲ್ಲಷ್ಟೇ ಚಲನೆ ಉಳಿಸಿಕೊಂಡವರು ಅಂದಿನಿಂದ ಹಳೆಯ ಕಂಪ್ಯೂಟರು, ಹಳೆಯ ಲೈಸೆನ್ಸು ಹುಡುಕಬೇಕಾಗಿದೆ. ಅದೇ ಬಯೋವಿಷನ್ನಿನ ಬಿವಿಎಚ್ ಕಡತವನ್ನು ಇಂದಿಗೂ ಯಾರು ಬೇಕಾದರೂ ತೆರೆಯಬಹುದು. ಜಾನಪದ ಕುಣಿತ ದಾಖಲಿಸಲು ಹೊರಡುವ ವಿಶ್ವವಿದ್ಯಾಲಯ, ಅಕಾಡೆಮಿ, ತಂಡಗಳು ಎಫ್‌ಬಿಎಕ್ಸ್ ಒಂದನ್ನೇ ಇಟ್ಟುಕೊಂಡು ಸುಮ್ಮನಾಗಬಾರದು. ನಯಗೊಳಿಸದ ಮೂಲ ಚುಕ್ಕೆಗಳ ಸಿ3ಡಿ, ಮೂಳೆಗಳ ಬಿವಿಎಚ್, ಎರಡು ಕೋನಗಳಿಂದ ತೆಗೆದ ವಿಡಿಯೊ, ಹಾಡು-ಹಲಗೆಯ ಧ್ವನಿ ಇವನ್ನು ಒಟ್ಟಿಗೆ ಇಡಬೇಕು. ಧ್ವನಿಗೂ ವಿಡಿಯೊಕ್ಕೂ ಚಲನೆಗೂ ಒಂದೇ ಕಾಲಗುರುತು ಇರಲೇಬೇಕು. ಶುರುವಿನಲ್ಲಿ ಎಲ್ಲರೂ ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿದರೂ ಸಾಕು, ಮೂರನ್ನೂ ಆಮೇಲೆ ಹೊಂದಿಸಬಹುದು.

ಕುಣಿದವರ ಹಕ್ಕು ಕೂಡ ಕಡತದ ಜೊತೆ ದಾಟಬೇಕಾದ ಸಂಗತಿ. 1957ರ ಕೃತಿಸ್ವಾಮ್ಯ ಕಾಯ್ದೆ ನರ್ತಕರನ್ನೂ ಪ್ರದರ್ಶಕರೆಂದು ಎಣಿಸುತ್ತದೆ. ಪ್ರದರ್ಶಕರ ಹಕ್ಕಿನ ಅವಧಿ 50 ವರ್ಷ. ಚಲನೆ ಒಮ್ಮೆ ಬೇರೆ ಪಾತ್ರದ ಮೈಗೆ ಹೊಂದಿದ ಮೇಲೆ ಅದು ಚಿಂಚೋಳಿಯ ಯಾವ ತಾಂಡಾದವರದು ಎಂದು ನೋಡುವವರಿಗೆ ತಿಳಿಯುವುದಿಲ್ಲ. ಬಿವಿಎಚ್ ನಮೂನೆಯಲ್ಲಿ ಕೀಲಿಗೆ ಜಾಗವಿದೆ, ಕೋನಕ್ಕೆ ಜಾಗವಿದೆ, ಕುಣಿದವರ ಹೆಸರಿಗೆ ಗೊತ್ತುಪಡಿಸಿದ ಜಾಗವಿಲ್ಲ. ಆದ್ದರಿಂದ ಪ್ರತಿ ಕಡತದ ಪಕ್ಕದಲ್ಲಿ ಅದೇ ಹೆಸರಿನ ಒಂದು ಪಠ್ಯ ಕಡತವಿಟ್ಟು, ಕುಣಿದವರು, ಊರು, ಹಾಡು, ದಿನ, ಅವರು ಕೊಟ್ಟ ಒಪ್ಪಿಗೆಯ ಷರತ್ತು, ಜೊತೆಗೆ ಅಳತೆಮಾನ, ಮೇಲ್ಮುಖ ಅಕ್ಷ, ಫ್ರೇಮ್ ವೇಗ, ಆರಂಭ ಭಂಗಿ ಇಷ್ಟನ್ನೂ ಕನ್ನಡದಲ್ಲಿ ಬರೆದಿಡುವ ರೂಢಿ ಮೊದಲ ದಾಖಲೆಯಿಂದಲೇ ಬರಬೇಕು.